ಮೇಡಂ ಉಳಿಸಿಕೊಂಡ ಕೋಣೆ

ವಾಷಿಂಗ್ ಮೆಷಿನ್ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ವಾರ ಕಳೆದ. ಕೊನೆಗೆ ಚೆನ್ನೈನ ಅಣ್ಣಾ ನಗರದ ನಮ್ಮ ಬೀದಿಯ ತುದಿಯ ಅಂಗಡಿಯಿಂದ ನೀಲಿ ಬಟ್ಟೆ ಸೋಪಿನ ಉದ್ದನೆಯ ಬಾರೊಂದನ್ನು ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಳೆಯ ಚಾಕುವಿನಿಂದ ಕತ್ತರಿಸತೊಡಗಿದೆ. ಮೊದಲ ತುಂಡು ಬೀಳುತ್ತಿದ್ದಂತೆ ಆ ಘಾಟು ವಾಸನೆ ಮೂಗಿಗೆ ಬಡಿಯಿತು. ಸೋಪಿನ ಒಂದು ಮೂಲೆಯನ್ನು ನಾನು ಮೆಲ್ಲಗೆ ಕೆತ್ತಿ ದುಂಡಗೆ ಮಾಡುತ್ತಿದ್ದೇನೆ ಎಂಬುದು ಮಗಳು ಬಂದು ಕೇಳುವವರೆಗೂ ನನಗೆ ತಿಳಿಯಲಿಲ್ಲ. "ಎನ್ನಮ್ಮಾ ಪಣ್ರೆ?" ಎಂದಳು, ಏನಮ್ಮಾ ಮಾಡ್ತಿದ್ದೀಯ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಏನೂ ಇಲ್ಲ ಎಂದೆ. ಹಿಂದೆ ನಮ್ಮ ಆಫೀಸಿನ ಮೇಡಂ ಹೀಗೆ ಸೋಪು ಕೆತ್ತುತ್ತಿದ್ದರು ಎಂದು ಶುರುಮಾಡಿದರೆ ಅದು ಉದ್ದ ಕಥೆ... ದಿನವಿಡೀ ದುಡಿದು ಬಂದ ಮೇಲೆ ಅಷ್ಟು ಹೇಳುವ ತ್ರಾಣ ಉಳಿದಿರಲಿಲ್ಲ.

ಆಗ ನಾನು ಗಿಂಡಿಯಲ್ಲಿ ಹಡಗು ವಿನ್ಯಾಸ ಮಾಡುವ ಸಣ್ಣ ಆಫೀಸಿಗೆ ಹೊಸದಾಗಿ ಸೇರಿದ್ದೆ. ಹಡಗು ಕಟ್ಟುವುದೆಲ್ಲ ಬೇರೆ ದೇಶಗಳಲ್ಲಿ. ಅದರ ನಕ್ಷೆ, ಲೆಕ್ಕಾಚಾರದ ಕೆಲಸ ನಮ್ಮ ಹತ್ತಿರ ಬರುತ್ತಿತ್ತು. ಮಂಡ್ಯದ ಕಡೆಯವಳಾದ ನಾನು ಕಾಲೇಜಿಗೆಂದು ಹೊರಗೆ ಬರುವವರೆಗೆ ಕಂಡ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯದು. ಮೇಡಂ ನಮ್ಮ ತಂಡದ ಹಿರಿಯರು. ಹಡಗಿನ ಹೊರಮೈ ಹೇಗಿರಬೇಕು ಎಂಬುದು ಅವರ ಕೈಯಲ್ಲಿತ್ತು. ಗಂಜಿ ಹಾಕಿದ ಹತ್ತಿ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಟೇಬಲ್ಲಿನ ಮೇಲೆ ಯಾವಾಗಲೂ ಅರ್ಧ ಕುಡಿದು ಮರೆತ ಕಾಫಿ. ನಾನು ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ ಮಾತಾಡುತ್ತಿದ್ದುದು ಒಂದು ದಿನ ಅವರ ಕಿವಿಗೆ ಬಿತ್ತು. "ಏನಮ್ಮ, ನೀನು ನಮ್ಮ ಮನುಷ್ಯರಾ? ಮೊದಲೇ ಸೊಲ್ಲಕ್ಕೂಡಾದಾ, ಹೇಳಬಾರದಾ?" ಎಂದರು. ಅವರ ಮನೆತನ ತಲೆಮಾರುಗಳ ಹಿಂದೆ ಮದ್ರಾಸಿಗೆ ಬಂದು ನೆಲೆಸಿದ್ದು. ಮನೆಯಲ್ಲಿ ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ನನ್ನ ಮಾತಿಗೆ ಅವರು ಎದುರಿಗೇ ನಗುತ್ತಿದ್ದರು. ಅವರ ಮಾತಿಗೆ ನಾನು ಒಳಗೊಳಗೇ ನಗುತ್ತಿದ್ದೆ.

ನಾನು ಸೇರಿದ ಮೇಲೆ ಬಂದ ಮೊದಲ ದೊಡ್ಡ ಕೆಲಸ ಕಾರು ಸಾಗಿಸುವ ಹಡಗಿನದು. ಮೊದಲ ಸಲ ನೋಡುವವರಿಗೆ ಅದು ಹಡಗು ಎಂದೇ ಅನಿಸುವುದಿಲ್ಲ. ಕಿಟಕಿಯಿಲ್ಲದ ಬಹುಮಹಡಿ ಪಾರ್ಕಿಂಗ್ ಕಟ್ಟಡವನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗೆ ಇರುತ್ತದೆ. ಹಿಂಬದಿಯ ಇಳಿಜಾರಿನ ಮೇಲೆ ಕಾರುಗಳನ್ನು ಓಡಿಸಿಕೊಂಡು ಹೋಗಿ ಒಳಗೆ ಅಂತಸ್ತು ಅಂತಸ್ತಾಗಿ ಒತ್ತೊತ್ತಿಗೆ ನಿಲ್ಲಿಸುತ್ತಾರೆ. ಹೆಚ್ಚು ಕಾರು ಹಿಡಿಯಬೇಕು ಎಂಬ ಒಂದೇ ಆಸೆಯಿಂದ ಮಾಡಿದ ಆಕಾರ ಅದು. ನಡುಸಮುದ್ರದಲ್ಲಿ ಗಾಳಿ ಆ ದೊಡ್ಡ ಗೋಡೆಗೆ ಬಂದು ಬಡಿಯುತ್ತದೆ. ಅದನ್ನು ತಳ್ಳಿಕೊಂಡು ಮುಂದೆ ಹೋಗುವುದಕ್ಕೇ ಇಂಜಿನ್ನು ಇನ್ನಷ್ಟು ಎಣ್ಣೆ ಸುಡುತ್ತದೆ. ಈ ಸಲದ ಮಾಲೀಕರು ಪರಿಸರಕ್ಕೆ ಹಿತವಾದ ಹಡಗು ಬೇಕು ಎಂದು ಕೇಳಿದ್ದರು. ಮೇಡಂ ಅಂಥ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟ ಮೇಲೆ ಅವರು ಬಟ್ಟೆ ಸೋಪು ಕೆತ್ತುತ್ತಿದ್ದದ್ದು ಆ ದಿನಗಳಲ್ಲೇ. ಕಂಪ್ಯೂಟರಿನಲ್ಲಿ ಎಲ್ಲವೂ ಕಾಣುತ್ತದಲ್ಲ ಎಂದು ನಾನು ಕೇಳಿದರೆ, ಕಣ್ಣಿಗೆ ಕಂಡದ್ದು ಕೈಗೂ ಗೊತ್ತಾಗಬೇಕು ಎನ್ನುತ್ತಿದ್ದರು. ಒಂದು ಸೋಪು ಚೌಕವಾಗಿಯೇ ಇರುತ್ತಿತ್ತು. ಇನ್ನೊಂದರ ಹಣೆಯನ್ನು, ಅಂದರೆ ಹಡಗಿನ ಮುಂಭಾಗವಾಗುವ ಕಡೆಯನ್ನು, ಮತ್ತು ಮೇಲಿನ ಅಂಚುಗಳನ್ನು ಕೆತ್ತಿ ದುಂಡಗೆ ಇಳಿಸುತ್ತಿದ್ದರು. ಎರಡನ್ನೂ ಟೇಬಲ್ ಫ್ಯಾನಿನ ಮುಂದಿಟ್ಟು ಊದುಬತ್ತಿ ಹಚ್ಚುತ್ತಿದ್ದರು. ಚೌಕದ ಸೋಪಿಗೆ ತಾಗಿದ ಹೊಗೆ ಚದರಿ, ಸುಳಿ ಸುಳಿಯಾಗಿ ಹಿಂದೆ ಒದ್ದಾಡುತ್ತಿತ್ತು. ದುಂಡನೆಯದರ ಮೇಲೆ ಅದು ಕೈಯಿಂದ ಸವರಿದ ಹಾಗೆ ಜಾರಿಹೋಗುತ್ತಿತ್ತು. ಅವರು ಗಲ್ಲಕ್ಕೆ ಕೈ ಕೊಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದರು. ಆಫೀಸೆಲ್ಲ ಸೋಪು, ಊದುಬತ್ತಿ... ಸ್ನಾನ ಮಾಡಿ ಪೂಜೆಗೆ ಕೂತವರ ಮನೆಯಂತೆ ಇರುತ್ತಿತ್ತು.

ಆ ದುಂಡು ಹಣೆಯ ಲೆಕ್ಕ ಹಾಕುವುದರಲ್ಲೇ ನಮ್ಮ ಎಷ್ಟೋ ತಿಂಗಳು ಹೋದವು. ಅದರ ಜೊತೆ ಮೇಡಂ ಇನ್ನೊಂದನ್ನೂ ನಕ್ಷೆಗೆ ಸೇರಿಸಿದ್ದರು. ಅದೊಂದು ಕೋಣೆ. ಬಂದರಿನಲ್ಲಿ ನಿಂತಾಗಲೂ ಇಂಥ ಹಡಗಿನ ಇಂಜಿನ್ನು ಆರಿಸುವ ಹಾಗಿಲ್ಲ. ದೀಪ ಉರಿಯಬೇಕು, ಕಾರುಗಳ ಹೊಗೆ ಹೊರಗೆ ಹಾಕುವ ದೊಡ್ಡ ಫ್ಯಾನುಗಳು ತಿರುಗಬೇಕು. ಅದಕ್ಕಾಗಿ ಒಳಗಿನ ಜನರೇಟರುಗಳು ದಿನವಿಡೀ ಓಡುತ್ತಲೇ ಇರುತ್ತವೆ. ಹಡಗಿನ ಪಕ್ಕದಲ್ಲಿ ಒಂದು ಬಾಗಿಲು, ಅದರ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ತಕ್ಕ ಉಪಕರಣ ಇದ್ದರೆ ದಡದಿಂದ ಕೇಬಲ್ ಎಳೆದು ಕರೆಂಟು ತೆಗೆದುಕೊಳ್ಳಬಹುದು. ಆಗ ಊರಿನ ಮಗ್ಗುಲಲ್ಲಿ ನಿಂತ ಹಡಗು ಹೊಗೆಯುಗುಳದೆ ಸುಮ್ಮನಿರುತ್ತದೆ. ನಮಗೆಲ್ಲ ಆ ಕೋಣೆ ಒಂದು ಸಣ್ಣ ಸೇರ್ಪಡೆ ಮಾತ್ರ. ಮೇಡಂ ಮನಸ್ಸಿಟ್ಟದ್ದು ದುಂಡು ಹಣೆಯ ಮೇಲೆ ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ಊಟಕ್ಕೆ ಕರೆದರು. ಬಂದರಿನ ಹತ್ತಿರದ ಪ್ಯಾರೀಸ್ ಕಾರ್ನರಿನ ಹಿಂದೆ, ಸಗಟು ಅಂಗಡಿಗಳ ನಡುವಿನ ಗಲ್ಲಿಯಲ್ಲಿ ಅವರ ಹಳೆಯ ಮನೆ. ಕೆಳಗೆ ಕಾಗದದ ಅಂಗಡಿ, ಮೇಲೆ ಇವರು. ಮೇಡಂ ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದದ್ದು ಅವರು ಮತ್ತು ಅವರ ಅಕ್ಕ. ಅಕ್ಕನಿಗೆ ಸಣ್ಣ ವಯಸ್ಸಿನಿಂದ ಉಬ್ಬಸ. ಇನ್‌ಹೇಲರನ್ನು ಸೊಂಟಕ್ಕೆ, ಮನೆಯ ಬೀಗದ ಕೈ ಸಿಕ್ಕಿಸಿಕೊಳ್ಳುವ ಹಾಗೆ, ಸಿಕ್ಕಿಸಿಕೊಂಡಿದ್ದರು. ಹುಳಿ ಬಡಿಸುತ್ತ ಬಡಿಸುತ್ತ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಬಡಿಸುತ್ತೇನೆ ಎಂದು ಎದ್ದರೆ ಬಿಡಲಿಲ್ಲ.

ಊಟವಾದ ಮೇಲೆ ಮೇಡಂ ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಕಟ್ಟಡಗಳ ಸಂದಿಯಲ್ಲಿ ಬಂದರಿನ ಕ್ರೇನುಗಳು, ಹಡಗುಗಳ ಮೇಲ್ಭಾಗ ಕಾಣುತ್ತಿದ್ದವು. ಬಿಳಿ ಪಂಚೆಯ ಮೇಲೆ ಅಕ್ಕ ವಡಾಂ ಸಂಡಿಗೆ ಒಣಗಿಸಿದ್ದರು. ಅದರ ಮೇಲೆಲ್ಲ ಎಳ್ಳು ಉದುರಿಸಿದಂತೆ ಮಸಿಯ ಕಪ್ಪು ಚುಕ್ಕೆ. ಅಕ್ಕ ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, ಒಂದೊಂದೇ ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದರು. "ಜನ ಕಡಲ ಗಾಳಿ ಬೇಕೂಂತ ಮನೆ ಹುಡುಕ್ತಾರೆ. ನಾವು ಇಲ್ಲಿ ಕಿಟಕಿ ಮುಚ್ಚಿ ಕೂತಿದೀವಿ ನೋಡು," ಎಂದು ನನ್ನತ್ತ ನೋಡಿ ನಕ್ಕರು. ಹಾಗಾದರೆ ಬೇರೆ ಕಡೆ ಹೋಗಬಾರದೇ ಎಂದು ನಾನು ಕೇಳಿದೆ. ಹುಟ್ಟಿದ ಮನೆ, ಈ ಬೀದಿಯಲ್ಲಿ ಎಲ್ಲರೂ ನನಗೆ ಗೊತ್ತು, ಬೇರೆ ಕಡೆ ಹೋದರೆ ನನ್ನನ್ನು ಯಾರು ಮಾತಾಡಿಸುತ್ತಾರೆ ಎಂದರು.

ಕೆಳಗಿಳಿಯುವಾಗ ನಾನು ಮೇಡಂ ಹತ್ತಿರ, ಅಕ್ಕನ ಉಬ್ಬಸಕ್ಕೆ ಈ ಹಡಗುಗಳ ಹೊಗೆಯೇ ಕಾರಣವೇ ಎಂದು ಕೇಳಿದೆ. ಹಾಗೆ ಹೇಳಲಾರೆ ಎಂದರು ಅವರು. ಲಾರಿಗಳಿವೆ, ರಸ್ತೆಯ ದೂಳಿದೆ, ಮೈಯಲ್ಲೇ ಇರುವುದೂ ಇದೆ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಅವರು ಎಂದೂ ಹೇಳಿದವರಲ್ಲ, ತಮ್ಮ ಅಕ್ಕನ ವಿಷಯದಲ್ಲೂ...

ಅದಾದ ಸ್ವಲ್ಪ ಕಾಲಕ್ಕೆ ಮಾಲೀಕರ ಕಡೆಯಿಂದ ಮಾತು ಬದಲಾಗುತ್ತ ಬಂತು. ಹಣೆ ದುಂಡಗಾದರೆ ಮೇಲಿನ ಅಂತಸ್ತುಗಳಲ್ಲಿ ಕಾರು ನಿಲ್ಲಿಸುವ ಜಾಗ ಕಡಿಮೆಯಾಗುತ್ತದೆ ಎಂದರು. ಕೋಣೆಯ ಉಪಕರಣಕ್ಕೆ ಖರ್ಚು ಹೆಚ್ಚು ಎಂದರು. ಪ್ರತಿ ವಾರ ಮೀಟಿಂಗು, ಪ್ರತಿ ಮೀಟಿಂಗಿನ ನಂತರ ನಕ್ಷೆ ತಿದ್ದುವುದು, ತಿದ್ದಿದ್ದನ್ನು ಮತ್ತೆ ಹಳೆಯ ರೂಪಕ್ಕೆ ತರುವುದು. ನಮ್ಮೆಲ್ಲರ ಮೈಗಿಂತ ಮನಸ್ಸು ದಣಿದಿತ್ತು. ಹಡಗಿನ ನೆತ್ತಿಯ ಮೇಲೆ ಸೋಲಾರ್ ಹಲಗೆಗಳು, ಹೊರಮೈಗೆ ಹಸಿರು ಬಣ್ಣ, ಇವೆರಡರ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ. ಆ ಹಲಗೆಗಳಿಂದ ಬರುವ ಕರೆಂಟು ಅಷ್ಟು ದೊಡ್ಡ ಹಡಗಿನ ದೀಪಗಳಿಗೂ ಸಾಲದು. ಫೋಟೋದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತವೆ.

ಕೊನೆಗೆ ನಮ್ಮ ಆಫೀಸಿನ ಮುಖ್ಯಸ್ಥರು ಮೇಡಂ ಮತ್ತು ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರು ಕೆಟ್ಟವರಲ್ಲ. ಆ ದಿನ ಅವರ ಮುಖವೂ ಸೋತಿತ್ತು. ಎರಡರಲ್ಲಿ ಒಂದನ್ನು ಬಿಡದಿದ್ದರೆ ಕೆಲಸವೇ ಕೈತಪ್ಪುತ್ತದೆ, ದುಂಡು ಹಣೆ ಬೇಕೋ ಆ ಕೋಣೆ ಬೇಕೋ ನೀವೇ ಹೇಳಿ ಎಂದು ಮೇಡಂಗೆ ಬಿಟ್ಟರು. ಮೇಡಂ ಒಂದು ದಿನ ಕಾಲಾವಕಾಶ ಕೇಳಿದರು. ಅವರು ಏನು ಹೇಳುತ್ತಾರೆ ಎಂಬುದರಲ್ಲಿ ಆಫೀಸಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಾರನೆಯ ದಿನ ಬಂದು, ಹಣೆ ಚೌಕವಾಗಿಯೇ ಇರಲಿ, ಕೋಣೆ ಉಳಿಸಿ ಎಂದರು. ಮುಖ್ಯಸ್ಥರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ನನಗೆ ಸಿಟ್ಟು ಬಂದಿತ್ತು. ಅವರ ಹಿಂದೆಯೇ ಕೆಳಗಿನ ಕಾಫಿ ಅಂಗಡಿಗೆ ಹೋದೆ.

"ಅದ್ಯಾಕೆ ಮೇಡಂ ಅದನ್ನೇ ಬಿಟ್ಬುಟ್ರಿ? ಎಷ್ಟ್ ತಿಂಗ್ಳಿಂದ ಮಾಡಿದ್ದು..." ಎಂದೆ.

ಅವರು ಟಂಬ್ಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಲೆಕ್ಕ ಹಾಕಿದ್ರೆ ಆ ಆಕಾರವೇ ಜಾಸ್ತಿ ಎಣ್ಣೆ ಉಳಿಸತ್ತೆ. ನಂಗೆ ತೆರಿಯಾದಾ, ಗೊತ್ತಿಲ್ವಾ ಮಾ? ರಾತ್ರಿ ಎಲ್ಲ ಅದನ್ನೇ ಯೋಚನೆ ಮಾಡಿದೆ. ಆದ್ರೆ ಆ ಲೆಕ್ಕದಲ್ಲಿ ನಮ್ಮ ಅಕ್ಕ ಇಲ್ಲ."

ಅಷ್ಟೇ ಹೇಳಿದ್ದು. ನನ್ನ ಸಿಟ್ಟು ಎತ್ತ ಹೋಯಿತೋ. ಕಾಫಿ ಮುಗಿಸಿ ಇಬ್ಬರೂ ಮೇಲೆ ಬಂದೆವು, ಚೌಕದ ಹಣೆಯ ನಕ್ಷೆಯನ್ನು ಮತ್ತೆ ಬರೆಯಲು ಕೂತೆವು.

ಆಮೇಲೆ ಮೇಡಂ ಸೋಪು ಕೆತ್ತಲಿಲ್ಲ. ಇಡೀ ಗಮನವನ್ನು ಆ ಕೋಣೆಗೆ ಕೊಟ್ಟರು. ಬಾಗಿಲು ದಡದಿಂದ ಎಷ್ಟು ಎತ್ತರದಲ್ಲಿರಬೇಕು, ಕೇಬಲ್ ಎಳೆಯುವವನು ಎಲ್ಲಿ ನಿಲ್ಲಬೇಕು, ಅವನ ತಲೆಗೆ ಏನೂ ತಾಗದ ಹಾಗೆ ತೊಲೆ ಎಲ್ಲಿ ಬರಬೇಕು ಎಂದು ಒಂದೊಂದನ್ನೂ ತಾವೇ ಬರೆದರು. ಒಮ್ಮೆ ಆಫೀಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೋಣೆಯ ಗೋಡೆಗಳನ್ನು ಎಳೆದು, ನನ್ನನ್ನು ಒಳಗೆ ನಿಲ್ಲಿಸಿ ಕೈ ಚಾಚು, ತಿರುಗು, ಬಗ್ಗು ಎಂದು ನೋಡಿದರು. ಹಡಗಿನ ಕಬ್ಬಿಣ ಕತ್ತರಿಸುವ ಕೆಲಸ ಅತ್ತ ಶುರುವಾದ ವರ್ಷವೇ ಅಕ್ಕ ತೀರಿಕೊಂಡರು. ಬೆಳಿಗ್ಗೆ ಹಾಲು ಕಾಯಿಸಲು ಎದ್ದವರು ಅಲ್ಲೇ ಗೋಡೆಗೆ ಒರಗಿ ಕೂತರಂತೆ. ನಾನು ಹೋದಾಗ ಮೇಡಂ ತಲೆ ತಗ್ಗಿಸಿ ಕೂತಿದ್ದರು, ಅಳುತ್ತಿರಲಿಲ್ಲ. ಮನೆಯ ಎಲ್ಲ ಕಿಟಕಿಗಳನ್ನೂ ತೆರೆದುಬಿಟ್ಟಿದ್ದರು. ಅಕ್ಕ ಇದ್ದಾಗ ಸಮುದ್ರದ ಕಡೆಯ ಆ ಕಿಟಕಿಗಳು ತೆರೆದಿದ್ದನ್ನು ನಾನು ನೋಡಿರಲಿಲ್ಲ. ಹದಿಮೂರು ದಿನದ ಕರ್ಮ ಮುಗಿಸಿ ಆಫೀಸಿಗೆ ಬಂದವರು ಮೊದಲು ಕೇಳಿದ್ದು ಆ ಕೋಣೆಯ ನಕ್ಷೆ ಎಲ್ಲಿಗೆ ಬಂತು ಎಂದು.

ಹಡಗು ನೀರಿಗಿಳಿಯುವ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಬೀಳ್ಕೊಡುಗೆಗೆ ಶಾಲು ಹೊದೆಸಿ ಒಂದಿಷ್ಟು ಒಳ್ಳೆಯ ಮಾತಾಡಿದೆವು. ಮರುದಿನದಿಂದ ಅವರ ಟೇಬಲ್ಲಿಗೆ ಬೇರೆಯವರು ಬಂದರು. ನಾನು ಆಗಾಗ ಫೋನು ಮಾಡುತ್ತಿದ್ದೆ. ಮಗು, ಮನೆ, ಮೆಟ್ರೋದಲ್ಲಿ ಓಡಾಟ... ಹೋಗಿ ನೋಡುವುದು ಕಡಿಮೆಯಾಯಿತು. ನಡುವೆ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಅದರಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

ಹಡಗು ಮೊದಲ ಸಲ ಚೆನ್ನೈಗೆ ಕಾರು ತುಂಬಿಸಿಕೊಳ್ಳಲು ಬಂದಾಗ ನಮ್ಮ ಆಫೀಸಿನಿಂದ ಒಬ್ಬರಿಗೆ ಒಳಗೆ ಹೋಗಿ ನೋಡಲು ಅನುಮತಿ ಸಿಕ್ಕಿತು. ಮೇಡಂ ಹೋಗಬೇಕಾದ ಜಾಗಕ್ಕೆ ನಾನು ಹೋದೆ. ಹಿಂದಿನ ದಿನ ಫೋನಿನಲ್ಲಿ ಹೇಳಿದಾಗ, ನೋಡಿಕೊಂಡು ನೇರ ನನ್ನ ಹತ್ತಿರ ಬಾ ಎಂದಿದ್ದರು.

ದಡದಲ್ಲಿ ನಿಂತು ತಲೆ ಎತ್ತಿದರೆ ಆಕಾಶವೇ ಮುಚ್ಚಿಹೋಗುವಷ್ಟು ಎತ್ತರದ ಹಸಿರು ಗೋಡೆ. ಚೌಕದ ಹಣೆ. ಚಿಮಣಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಒಳಗೆ ಫ್ಯಾನುಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಹಡಗಿನ ಒಬ್ಬ ಅಧಿಕಾರಿ ಮರ್ಯಾದೆಯಿಂದ ಎಲ್ಲ ತೋರಿಸಿದರು. ಆ ಕೋಣೆ ನೋಡಬೇಕು ಎಂದೆ. ಅವರಿಗೆ ಯಾವುದೆಂದು ಹೊಳೆಯಲಿಲ್ಲ. ನಾನೇ ದಾರಿ ತೋರಿಸಿಕೊಂಡು ಹೋದೆ. ಸೀಮೆಸುಣ್ಣದ ಗೆರೆಗಳ ನಡುವೆ ನಾನು ನಿಂತಿದ್ದ ಕೋಣೆಯಲ್ಲವೇ ಅದು.

ಬಾಗಿಲು ತೆಗೆದರೆ ಒಳಗೆ ಬಣ್ಣದ ಡಬ್ಬಗಳು. ನೆಲದಿಂದ ಎದೆಯೆತ್ತರಕ್ಕೆ ಜೋಡಿಸಿದ್ದ ಹಸಿರು ಬಣ್ಣದ ಡಬ್ಬಗಳು, ಸುತ್ತಿಟ್ಟ ಹಗ್ಗ, ಕಾಲು ಮುರಿದ ಒಂದು ಕುರ್ಚಿ. ಉಪಕರಣ ಇರಬೇಕಾದ ಗೋಡೆ ಬೋಳಾಗಿತ್ತು. ಮುಂದೆ ರಿಪೇರಿಗೆ ಹೋದಾಗ ಕೂರಿಸುತ್ತಾರಂತೆ, ಮಾಲೀಕರು ಸದ್ಯಕ್ಕೆ ಜಾಗ ಮಾತ್ರ ಬಿಡಿಸಿದ್ದಾರೆ ಎಂದರು ಅಧಿಕಾರಿ. ಸಾಮಾನು ಇಡಲು ಅನುಕೂಲವಾಗಿದೆ ಎಂದೂ ಹೇಳಿದರು. ನಾನು ಡಬ್ಬಗಳ ಸಂದಿಯಲ್ಲಿ ನುಸುಳಿ ಹೋಗಿ ಹಡಗಿನ ಪಕ್ಕದ ಹೊರಬಾಗಿಲನ್ನು ತೆರೆದೆ. ಅದು ಸಲೀಸಾಗಿ ತೆರೆದುಕೊಂಡಿತು. ಎದುರಿಗೆ ದಡ, ಆಚೆ ಊರು, ಬಿಸಿಲಿನಲ್ಲಿ ಮಸುಕಾಗಿ ಕಾಣುವ ತಾರಸಿಗಳು...

ಆಟೋದಲ್ಲಿ ಗಲ್ಲಿಗೆ ಬರುವವರೆಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಇದ್ದೆ. ಎಲ್ಲ ಚೆನ್ನಾಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವರು ಇನ್ನು ಆ ಹಡಗನ್ನು ಹತ್ತುವವರಲ್ಲ. ಆದರೆ ಹಡಗಿನಲ್ಲಿ ಇಲ್ಲದ್ದನ್ನು ಇದೆ ಎಂದು ಅವರ ಮುಂದೆ ಹೇಳಲು ನನ್ನಿಂದಾಗುವ ಹಾಗಿರಲಿಲ್ಲ.

ಅವರು ತಾರಸಿಯ ಮೇಲೆ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಷ್ಟು ಸೆಕೆಯಲ್ಲೂ ಮೈಮೇಲೆ ಶಾಲು. ಕಟ್ಟಡಗಳ ಸಂದಿಯಲ್ಲಿ ಹಡಗಿನ ಹಸಿರು ನೆತ್ತಿ ಕಾಣುತ್ತಿತ್ತು.

"ಹೊಗೆ ಬರ್ತಾ ಇದೆ," ಎಂದರು ನನ್ನತ್ತ ತಿರುಗದೆ. "ಕೋಣೆ ನೋಡಿದ್ಯಾ?"

ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಡಬ್ಬ, ಹಗ್ಗ, ಮುರಿದ ಕುರ್ಚಿ, ಬೋಳು ಗೋಡೆ. ಕೆಳಗಿನ ಗಲ್ಲಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗುತ್ತ ಹೋದ.

"ಹೊರಗಡೆ ಬಾಗಿಲು?" ಎಂದು ಕೇಳಿದರು.

"ಐತೆ ಮೇಡಂ. ನಾನೇ ತೆಗ್ದು ನೋಡ್ದೆ."

"ನಾವು ಬರೆದ ಎತ್ತರದಲ್ಲೇ ಇದೆಯಾ?"

"ಅಲ್ಲೇ ಐತೆ."

"ಸರಿ," ಎಂದರು. "ಕಬ್ಬಿಣ ಕತ್ತರಿಸೋದು ಕಷ್ಟ ಮಾ. ಡಬ್ಬ ಎತ್ತಿ ಆಚೆ ಇಡೋದು ಕಷ್ಟ ಇಲ್ಲ. ಯಾರಾದ್ರೂ ಒಬ್ರು ಮನಸ್ಸು ಮಾಡಿದ್ರೆ ಪೋದುಂ, ಅಷ್ಟೇ ಸಾಕು."

ಅವರ ದನಿಯಲ್ಲಿ ದೂರಿರಲಿಲ್ಲ. ದೂರುವಷ್ಟು ಶಕ್ತಿಯೂ ಇರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಆಯಾಸವಾಗುತ್ತಿದೆ, ಕೆಳಗೆ ಹೋಗೋಣ ಎಂದರು. ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದುಕೊಂಡರು. ಆ ಕೈಗೆ ಭಾರವೇ ಇರಲಿಲ್ಲ. ನಡುವೆ ಒಂದು ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡರು. "ಅಕ್ಕ ಇದ್ದಿದ್ರೆ ಅವಳ ಹತ್ರ ಇದನ್ನ ನಾನು ಹೇಳ್ತಾ ಇರಲಿಲ್ಲ," ಎಂದರು. "ನಮ್ಮ ಹಡಗಿಂದ ಹೊಗೆ ಬರಲ್ಲ ಅಂತ ಅವಳಿಗೆ ಹೇಳಿ ಇಟ್ಟಿದ್ದೆ. ಪಾವಂ, ನಂಬಿದ್ದಳು."

ಅದೇ ವರ್ಷದ ಮಳೆಗಾಲದಲ್ಲಿ ಮೇಡಂ ಹೋದರು. ಸುದ್ದಿ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ನೀರು ನಿಂತ ರಸ್ತೆಗಳನ್ನು ದಾಟಿ ಗಲ್ಲಿ ಮುಟ್ಟುವ ಹೊತ್ತಿಗೆ ಅವರನ್ನು ಎತ್ತಿಕೊಂಡು ಹೋಗಿಯಾಗಿತ್ತು. ಯಾರೋ ದೂರದ ಸಂಬಂಧಿಕರು ಅಂಗಳ ತೊಳೆಯುತ್ತಿದ್ದರು. ನನ್ನನ್ನು ಯಾರೆಂದು ಕೇಳಿದರು. ಆಫೀಸಿನವಳು ಎಂದೆ. ಈಗ ಆ ಮನೆ ಪ್ಲಾಸ್ಟಿಕ್ ಸಾಮಾನಿನ ಗೋದಾಮಾಗಿದೆ ಎಂದು ಕೇಳಿದ್ದೇನೆ. ಆ ಕಡೆ ಹೋಗಿ ನೋಡಿಲ್ಲ.

ಮಾಲೀಕರಿಗೆ ಆ ಕೋಣೆಯ ಬಗ್ಗೆ ನಾನು ಹಲವು ಸಲ ಬರೆದೆ. ಮೊದಲೆರಡಕ್ಕೆ ವಿನಯದ ಉತ್ತರ ಬಂತು, ಆಮೇಲೆ ಅದೂ ನಿಂತಿತು. ದುಂಡು ಹಣೆಯ ಕಾರು ಹಡಗುಗಳನ್ನು ಈಗ ಬೇರೆಯವರು ಬೇರೆ ಕಡೆಗಳಲ್ಲಿ ಕಟ್ಟುತ್ತಿದ್ದಾರೆ. ಅವುಗಳ ಚಿತ್ರ ನೋಡಿದಾಗ ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯುವುದಿಲ್ಲ. ನಾನು ಈಗಲೂ ಗಿಂಡಿಗೇ ಹೋಗುತ್ತೇನೆ, ಹೊಸ ಹಡಗುಗಳ ನಕ್ಷೆ ಬರೆಯುತ್ತೇನೆ. ಪ್ರತಿಯೊಂದರಲ್ಲೂ ಆ ಕೋಣೆಯನ್ನು ಉಪಕರಣದ ಸಮೇತ ಬರೆಯುತ್ತೇನೆ. ಪ್ರತಿ ಸಲವೂ ಯಾರಾದರೊಬ್ಬರು, ಸದ್ಯಕ್ಕೆ ಜಾಗ ಮಾತ್ರ ಬಿಟ್ಟರೆ ಸಾಲದೇ ಎಂದು ಕೇಳುತ್ತಾರೆ. ಸಾಲದು ಎಂದು ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳುತ್ತೇನೆ.

ಯಾವ ಹಡಗು ಎಲ್ಲಿದೆ ಎಂದು ಈಗ ಫೋನಿನಲ್ಲೇ ನೋಡಬಹುದು. ಮೆಟ್ರೋದಲ್ಲಿ ಮನೆಗೆ ಬರುವಾಗ ಒಮ್ಮೊಮ್ಮೆ ಮೇಡಂ ಹಡಗನ್ನು ಹುಡುಕುತ್ತೇನೆ. ಯಾವುದೋ ದೇಶದ, ಯಾವುದೋ ಊರಿನ ಮಗ್ಗುಲಲ್ಲಿ ಸಣ್ಣ ಚುಕ್ಕೆಯಾಗಿ ನಿಂತಿರುತ್ತದೆ. ನಿಂತಿದೆ ಎಂದಷ್ಟೇ ಗೊತ್ತಾಗುತ್ತದೆ. ಅದರ ಇಂಜಿನ್ನು ಆರಿದೆಯೋ, ಆ ಡಬ್ಬಗಳನ್ನು ಯಾರಾದರೂ ಎತ್ತಿ ಆಚೆ ಇಟ್ಟರೋ ತಿಳಿಯುವುದಿಲ್ಲ. ತಿಳಿದರೂ, ನೇರ ನನ್ನ ಹತ್ತಿರ ಬಾ ಎನ್ನುವವರು ಯಾರೂ ಇಲ್ಲ.